ಬ್ರಿಜ್ ಮೇಲೆ ಮೊದಲ ವಾಚ್: ಹೊಸ ಹಡಗು ಆಫೀಸರ್‌ಗಳಿಗೆ ಹಳೆಯ ಕ್ಯಾಪ್ಟನ್ ಹೇಳುವ ಮಾತು

ಥರ್ಡ್ ಆಫೀಸರ್ ಆಗಿ ಮೊದಲ ಸಲ ಹಡಗು ಹತ್ತಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬ್ರಿಜ್ ಅಂದರೆ ಹಡಗು ನಡೆಸುವ ಮೇಲಿನ ಕೋಣೆ, ವಾಚ್ ಅಂದರೆ ಅಲ್ಲಿನ ನಿಮ್ಮ ಪಾಳಿ. ನೀವು ಕರಾವಳಿಯವರಿರಬಹುದು, ಹುಬ್ಬಳ್ಳಿ ಕಡೆಯವರಿರಬಹುದು. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಎಲ್ಲರಿಗೂ ಒಂದೇ ದಿಗಿಲು: ಇಷ್ಟು ದೊಡ್ಡ ಹಡಗನ್ನು ರಾತ್ರಿ ನನ್ನ ಕೈಗೆ ಬಿಟ್ಟು ಕ್ಯಾಪ್ಟನ್ ಮಲಗಿಬಿಡುತ್ತಾರಲ್ಲ, ಏನಾದರೂ ಆದರೆ? ಆ ದಿಗಿಲು ಇರಲಿ, ಒಳ್ಳೆಯದೇ.

ನಾನು ಬದುಕಿನ ಬಹುಭಾಗ ಹಡಗಿನಲ್ಲೇ ಕಳೆದವನು. ಕ್ಯಾಡೆಟ್ ಆಗಿ ಸೇರಿ ಕ್ಯಾಪ್ಟನ್ ಆದವನು. ಇಷ್ಟು ವರ್ಷಗಳಲ್ಲಿ ಮನಸ್ಸಲ್ಲಿ ಗಟ್ಟಿಯಾಗಿ ಕೂತಿರುವುದು ಒಂದೇ ವಿಷಯ. ಹಡಗು ನಿಮ್ಮ ಮಾತು ಕೇಳುತ್ತದೆ, ಆದರೆ ತಡವಾಗಿ ಕೇಳುತ್ತದೆ. ಅದಕ್ಕೇ ತೀರ್ಮಾನ ಬೇಗ ಆಗಬೇಕು, ಕ್ಯಾಪ್ಟನ್‌ಗೆ ಫೋನ್ ಬೇಗ ಹೋಗಬೇಕು. ದೊಡ್ಡ ಅಪಘಾತಗಳ ತನಿಖಾ ವರದಿಗಳನ್ನು ಓದಿ ನೋಡಿ. ಎಷ್ಟೋ ಸಲ ಯಾರಿಗೋ ಒಬ್ಬರಿಗೆ ಮೊದಲೇ ಅನುಮಾನ ಬಂದಿರುತ್ತದೆ. ಅವರು ಬಾಯಿ ಬಿಟ್ಟಿರುವುದಿಲ್ಲ, ಇಲ್ಲವೇ ಬಿಟ್ಟರೂ ಮೇಲಿನವರು ಕಿವಿಗೆ ಹಾಕಿಕೊಂಡಿರುವುದಿಲ್ಲ.

1. ಮೊದಲು ನಿಮ್ಮ ಹಡಗನ್ನು ತಿಳಿದುಕೊಳ್ಳಿ

ಹಡಗು ಹತ್ತಿದ ದಿನವೇ ವೀಲ್‌ಹೌಸ್‌ನಲ್ಲಿ ಹಾಕಿರುವ ಮನೂವರಿಂಗ್ ಪೋಸ್ಟರ್ ಮುಂದೆ ನಿಂತು ಸಾವಧಾನವಾಗಿ ಓದಿ. ಹಡಗು ಎಷ್ಟು ದೂರದಲ್ಲಿ ನಿಲ್ಲುತ್ತದೆ, ಎಷ್ಟು ಜಾಗದಲ್ಲಿ ತಿರುಗುತ್ತದೆ ಎಂಬುದೆಲ್ಲ ಅಲ್ಲಿದೆ. ಮುಖ್ಯವಾದ ನಾಲ್ಕು ಅಂಕಿ ಬಾಯಿಪಾಠ ಆಗಲಿ.

ವಿಶ್ವಸಂಸ್ಥೆಯ ಕಡಲ ಸಂಸ್ಥೆ ಐಎಂಒ 2002ರಲ್ಲಿ ಒಪ್ಪಿದ ಮಾನದಂಡದ ಪ್ರಕಾರ, ಪೂರ್ತಿ ವೇಗದಲ್ಲಿರುವ ಹಡಗಿಗೆ ಫುಲ್ ಆಸ್ಟರ್ನ್ ಕೊಟ್ಟರೆ, ಅಂದರೆ ಎಂಜಿನ್ ಪೂರ್ತಿ ಹಿಮ್ಮುಖ ಮಾಡಿದರೆ, ಅದು ತನ್ನ ಉದ್ದದ 15 ಪಟ್ಟು ದೂರದೊಳಗೆ ನಿಲ್ಲಬೇಕು. ಬಹಳ ದೊಡ್ಡ ಹಡಗುಗಳಿಗೆ 20 ಪಟ್ಟಿನವರೆಗೂ ರಿಯಾಯಿತಿ ಇದೆ. ಅಂದರೆ 200 ಮೀಟರ್ ಹಡಗು ನಿಲ್ಲಲು 3 ಕಿಲೋಮೀಟರ್‌ವರೆಗೂ ಬೇಕಾಗಬಹುದು. ಅದೇ ಹಡಗು ಚುಕ್ಕಾಣಿ ಪೂರ್ತಿ ಒಂದು ಕಡೆಗೆ ಕೊಟ್ಟರೆ, ಉದ್ದದ ನಾಲ್ಕೂವರೆ ಪಟ್ಟು, ಅಂದರೆ 900 ಮೀಟರ್ ಮುಂದೆ ಹೋಗುವುದರೊಳಗೆ 90 ಡಿಗ್ರಿ ತಿರುಗಿರಬೇಕು. ಇದರಿಂದ ಏನು ಗೊತ್ತಾಗುತ್ತದೆ? ಸುತ್ತ ಜಾಗ ಇರುವ ಕಡಲಲ್ಲಿ ತಪ್ಪಿಸಿಕೊಳ್ಳಲು ನಿಲ್ಲಿಸುವುದಕ್ಕಿಂತ ತಿರುಗಿಸುವುದೇ ಬೇಗ. ಹೊಸಬರ ಕೈ ಗಾಬರಿಯಲ್ಲಿ ಮೊದಲು ಎಂಜಿನ್ ಕಡೆಗೇ ಹೋಗುತ್ತದೆ. ಎಂಜಿನ್ ನಿಲ್ಲಿಸಿದರೆ ಚುಕ್ಕಾಣಿಗೆ ಬಡಿಯುವ ಪ್ರೊಪೆಲ್ಲರ್ ನೀರೂ ನಿಂತುಹೋಗುತ್ತದೆ, ಚುಕ್ಕಾಣಿಯ ಹಿಡಿತವೂ ಕಮ್ಮಿಯಾಗುತ್ತದೆ.

ಇನ್ನೊಂದು, ಹಡಗು ಕಾರಿನ ಹಾಗೆ ತಿರುಗುವುದಿಲ್ಲ. ಕಾರಿನ ಮೂತಿ ಹೋದ ಕಡೆಗೇ ಹಿಂಭಾಗವೂ ಹೋಗುತ್ತದೆ. ಹಡಗಿನ ಮೂತಿ ಬಲಕ್ಕೆ ಹೊರಳಿದರೆ ಹಿಂಭಾಗ ಎಡಕ್ಕೆ ದೊಡ್ಡದಾಗಿ ಬೀಸುತ್ತದೆ. ಮುಂದೆ ಹೋಗುತ್ತಿರುವಾಗ ಹಡಗು ಸುತ್ತುವ ಬಿಂದು ಮೂತಿಯ ಕಡೆಗೆ ಇರುತ್ತದೆ, ಹಿಂದೆ ಹೋಗುವಾಗ ಅದು ಹಿಂಭಾಗದ ಕಡೆಗೆ ಸರಿಯುತ್ತದೆ. ಮೂತಿಯಲ್ಲಿ ಬೋಯಿ (ದಾರಿ ತೋರಿಸುವ ತೇಲುಗುರುತು) ತಪ್ಪಿಸಿ ಹಿಂಭಾಗದಲ್ಲಿ ಅದೇ ಬೋಯಿಗೆ ಹೊಡೆದವರಿದ್ದಾರೆ. ಒಂದು ಸಣ್ಣ ವಸ್ತು ಎದುರಾದರೆ ಮೂತಿ ದಾಟಿದ ಮೇಲೆ ಚುಕ್ಕಾಣಿಯನ್ನು ಅದೇ ವಸ್ತುವಿನ ಕಡೆಗೆ ಕೊಡಬೇಕು, ಆಗ ಹಿಂಭಾಗ ದೂರ ಸರಿಯುತ್ತದೆ. ಕೇಳಿದಾಗ ವಿಚಿತ್ರ ಅನಿಸುತ್ತದೆ. ಕಾಗದದ ಮೇಲೆ ಬರೆದು ನೋಡಿ, ಅರ್ಥವಾಗುತ್ತದೆ.

ಆಮೇಲೆ ಸ್ಕ್ವಾಟ್. ಕಮ್ಮಿ ಆಳದ ನೀರಿನಲ್ಲಿ ವೇಗವಾಗಿ ಹೋದರೆ ಹಡಗು ಕೆಳಗೆ ಕೂರುತ್ತದೆ. ಲೆಕ್ಕ ಸುಲಭ. ನಾಟ್ ಲೆಕ್ಕದ (ಗಂಟೆಗೆ ಎಷ್ಟು ನಾಟಿಕಲ್ ಮೈಲಿ) ವೇಗದ ವರ್ಗವನ್ನು ಬ್ಲಾಕ್ ಕೋಎಫಿಶಿಯೆಂಟ್‌ನಿಂದ (ನೀರಿನೊಳಗಿನ ಹಡಗಿನ ಮೈ ಎಷ್ಟು ಪೆಟ್ಟಿಗೆಯಂತಿದೆ ಎಂಬ ಅಂಕಿ) ಗುಣಿಸಿ, ತೆರೆದ ನೀರಾದರೆ 100ರಿಂದ, ಇಕ್ಕಟ್ಟಿನ ಚಾನೆಲ್ ಆದರೆ 50ರಿಂದ ಭಾಗಿಸಿ. ಅಂದಾಜು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬ್ಲಾಕ್ ಕೋಎಫಿಶಿಯೆಂಟ್ 0.8 ಇರುವ ಬಲ್ಕ್ ಹಡಗು 10 ನಾಟ್‌ನಲ್ಲಿ ಚಾನೆಲ್ ಒಳಗೆ ಬಂದರೆ 1.6 ಮೀಟರ್ ಕೂರುತ್ತದೆ. 5 ನಾಟ್‌ಗೆ ಇಳಿಸಿದರೆ 0.4 ಮೀಟರ್ ಅಷ್ಟೇ. ವೇಗ ಅರ್ಧ ಮಾಡಿದರೆ ಕೂರುವುದು ಕಾಲು ಭಾಗಕ್ಕೆ ಇಳಿಯಿತು, ನೋಡಿ. ಕೀಲ್, ಅಂದರೆ ಹಡಗಿನ ತಳದ ಕೆಳಗೆ ಒಂದೂವರೆ ಮೀಟರ್ ನೀರಿದೆ ಎಂದು ನೆಮ್ಮದಿಯಾಗಿರುವ ಆಫೀಸರ್ ಈ ಲೆಕ್ಕ ಹಾಕದಿದ್ದರೆ ನೆಲಕ್ಕೆ ತಾಗಿದ ಮೇಲೆಯೇ ಎಚ್ಚರವಾಗುತ್ತಾನೆ. ಆಳ ಕಮ್ಮಿಯಾದಂತೆ ತಿರುಗಲು ಬೇಕಾದ ಜಾಗವೂ ಜಾಸ್ತಿಯಾಗುತ್ತದೆ. ಪೋಸ್ಟರ್‌ನ ಅಂಕಿಗಳು ಆಳದ ನೀರಿನಲ್ಲಿ, ಶಾಂತ ಹವೆಯಲ್ಲಿ ತೆಗೆದವು ಎಂಬುದನ್ನು ಮರೆಯಬೇಡಿ.

2. ವಾಚ್ ವಹಿಸಿಕೊಳ್ಳುವುದು

ಹತ್ತು ಹದಿನೈದು ನಿಮಿಷ ಮೊದಲೇ ಮೇಲೆ ಬನ್ನಿ. ಬೆಳಕಿನಿಂದ ಬಂದ ಕಣ್ಣಿಗೆ ಕತ್ತಲಲ್ಲಿ ಸರಿಯಾಗಿ ಕಾಣಲು ಅಷ್ಟಾದರೂ ಹೊತ್ತು ಬೇಕು. ಬರುವ ದಾರಿಯಲ್ಲಿ ಫೋನ್ ನೋಡುತ್ತಾ ಬಂದರೆ ಆ ಹೊತ್ತೂ ವ್ಯರ್ಥ.

ಕ್ಯಾಪ್ಟನ್ ಬರೆದ ನೈಟ್ ಆರ್ಡರ್ ಓದಿ ಸಹಿ ಮಾಡಿ. ಸುಮ್ನೆ ಸಹಿ ಹಾಕಬೇಡಿ, ಅರ್ಥವಾಗದ್ದನ್ನು ಅವರು ಎದ್ದಿರುವಾಗಲೇ ಕೇಳಿ. ಹಡಗಿನ ಸ್ಥಾನವನ್ನು ನೀವೇ ಇನ್ನೊಂದು ವಿಧಾನದಿಂದ ಪರೀಕ್ಷಿಸಿ. ಜಿಪಿಎಸ್ ಹೇಳಿದ್ದನ್ನು ರಾಡಾರ್ ಒಪ್ಪುತ್ತದಾ? ಗೈರೋ ಕಂಪಾಸ್ ಎಷ್ಟು ತಪ್ಪು ತೋರಿಸುತ್ತಿದೆ? ಎಲೆಕ್ಟ್ರಾನಿಕ್ ನಕ್ಷೆಯಾದ ಇಕ್ಡಿಸ್‌ನಲ್ಲಿ ಸೇಫ್ಟಿ ಕಾಂಟೂರ್ (ಸುರಕ್ಷಿತ ಆಳದ ಗೆರೆ) ನಿಮ್ಮ ಈಗಿನ ಡ್ರಾಫ್ಟ್‌ಗೆ (ಹಡಗು ನೀರಿನೊಳಗೆ ಮುಳುಗಿರುವ ಆಳಕ್ಕೆ) ತಕ್ಕಂತೆ ಇದೆಯಾ, ಇಲ್ಲ ಹಿಂದಿನ ಪ್ರಯಾಣದ್ದೇ ಉಳಿದಿದೆಯಾ? ಅಲಾರಂ ಸದ್ದು ಕಿರಿಕಿರಿ ಎಂದು ಯಾರಾದರೂ ಆರಿಸಿದ್ದಾರಾ ನೋಡಿ. ಎದುರು ಹಡಗಿಗೆ ದಾರಿ ಬಿಡುವ ಕೆಲಸ ಅರ್ಧಕ್ಕೆ ನಿಂತಿದ್ದರೆ ವಾಚ್ ತೆಗೆದುಕೊಳ್ಳಬೇಡಿ. ಶುರು ಮಾಡಿದವರು ಮುಗಿಸಿಕೊಡಲಿ. ಹೋಗುತ್ತಿರುವ ಆಫೀಸರ್ ಬಾಯಲ್ಲಿ ವಾಸನೆ ಬಂದರೆ, ಅಥವಾ ವಹಿಸಿಕೊಳ್ಳಲು ಬಂದವರು ಹುಷಾರಿಲ್ಲದೆ ತೂರಾಡುತ್ತಿದ್ದರೆ, ಕ್ಯಾಪ್ಟನ್‌ಗೆ ಹೇಳುವುದು ಚಾಡಿ ಅಲ್ಲ, ನಿಮ್ಮ ಕೆಲಸ.

ಕತ್ತಲಾದ ಮೇಲೆ ಲುಕ್‌ಔಟ್, ಅಂದರೆ ಸುತ್ತ ಕಣ್ಣಿಟ್ಟು ನೋಡುವ ನಾವಿಕ, ಬ್ರಿಜ್ ಮೇಲೇ ಇರಬೇಕು. ಡೆಕ್ಕಿನಲ್ಲಿ ಪೇಂಟ್ ಕೆಲಸ ಬಾಕಿ ಇದೆ, ಬೆಳಿಗ್ಗೆಗೆ ಅವನು ಬೇಕು, ಮಲಗಲಿ ಬಿಡಿ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ.

3. ಕಣ್ಣು, ಬೇರಿಂಗ್, ಆಮೇಲೆ ಪರದೆ

ಕಡಲಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಾವಳಿ ಕೋಲ್‌ರೆಗ್ಸ್‌ನ ಏಳನೇ ನಿಯಮ ಹೇಳುವುದು ಸರಳ: ಹತ್ತಿರ ಬರುತ್ತಿರುವ ಹಡಗಿನ ಕಂಪಾಸ್ ಬೇರಿಂಗ್ (ನಮ್ಮಿಂದ ಅದು ಕಾಣುವ ದಿಕ್ಕು, ಡಿಗ್ರಿಯಲ್ಲಿ) ಹೇಳಿಕೊಳ್ಳುವಷ್ಟು ಬದಲಾಗುತ್ತಿಲ್ಲವೆಂದರೆ ಡಿಕ್ಕಿಯ ಅಪಾಯ ಇದೆ ಎಂದೇ ತಿಳಿಯಬೇಕು. ಬ್ರಿಜ್‌ನ ಬದಿಗೆ ಚಾಚಿದ ರೆಕ್ಕೆಗೆ ಹೋಗಿ, ಅಲ್ಲಿನ ಕಂಪಾಸ್ ರಿಪೀಟರ್ ಮೇಲೆ ದಿಕ್ಕು ಅಳೆಯುವ ಅಜಿಮತ್ ಸರ್ಕಲ್ ಇಟ್ಟು ಆ ದೀಪದ ಬೇರಿಂಗ್ ತೆಗೆಯಿರಿ. ಮೂರು ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. 312, ಆಮೇಲೆ 312, ಮತ್ತೆ 311 ಅಂತ ಬಂದರೆ ಆ ದೀಪ ನಿಮ್ಮ ಮೇಲೇ ಬರುತ್ತಿದೆ. ಇಷ್ಟಕ್ಕೆ ಯಾವ ಸಾಫ್ಟ್‌ವೇರೂ ಬೇಡ. ದೊಡ್ಡ ಹಡಗು ಬಹಳ ಹತ್ತಿರವಿದ್ದರೆ, ಅಥವಾ ಟಗ್ ಬಾರ್ಜ್ ಎಳೆಯುತ್ತಿದ್ದರೆ, ಬೇರಿಂಗ್ ಬದಲಾಗುತ್ತಿದ್ದರೂ ಅಪಾಯ ಇರಬಹುದು ಎಂದು ಅದೇ ನಿಯಮ ಎಚ್ಚರಿಸುತ್ತದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದು ಎಷ್ಟು ಮುಖ್ಯ ಎಂಬುದು ರಾತ್ರಿ ಇಲ್ಲಿ ಹಾದುಹೋದವರಿಗೆ ಗೊತ್ತು. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್ ಬಂದು ಮಲ್ಪೆ, ಮಂಗಳೂರು, ಗಂಗೊಳ್ಳಿಯಿಂದ ದೋಣಿಗಳು ಹೊರಬಿದ್ದರೆ ಕಡಲ ತುಂಬಾ ದೀಪಗಳೇ. ಮರದ, ಫೈಬರ್‌ನ ದೋಣಿ ರಾಡಾರ್‌ನಲ್ಲಿ ಸರಿಯಾಗಿ ಮೂಡುವುದಿಲ್ಲ. ಮಳೆ, ಅಲೆಯ ಗದ್ದಲ ಅಳಿಸಲು ನೀವು ರಾಡಾರ್‌ನ ಕ್ಲಟರ್ ಕಂಟ್ರೋಲ್ ಜಾಸ್ತಿ ಮಾಡಿದರೆ ಅಲೆಯ ಜೊತೆ ದೋಣಿಯೂ ಪರದೆಯಿಂದ ಮಾಯ. ತಾನೆಲ್ಲಿದ್ದೇನೆ ಎಂದು ಸುತ್ತಲಿನ ಹಡಗುಗಳಿಗೆ ತಿಳಿಸುವ ಎಐಎಸ್ ಸಾಧನ ಎಷ್ಟೋ ದೋಣಿಗಳಲ್ಲಿ ಇರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆ ಕೇರಳದ ಬೇಪೂರಿನಿಂದ ಬಂದಿದ್ದ ಮೀನುಗಾರಿಕಾ ದೋಣಿಗೂ ಒಂದು ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕವರು ಇಬ್ಬರೇ. ನೂರಾರು ಮೀಟರ್ ಉದ್ದದ ಹಡಗಿಗೆ ಅಂಥ ದೋಣಿ ತಾಗಿದರೆ ಬ್ರಿಜ್‌ನಲ್ಲಿದ್ದವರಿಗೆ ಗೊತ್ತೇ ಆಗದಿರಬಹುದು. ಆ ದೋಣಿಯಲ್ಲಿ ದೋಣಿ ನಡೆಸುವ ತಾಂಡೇಲನ ಜೊತೆ ದಣಿದು ಮಲಗಿರುವವರು ನಮ್ಮವರೇ ಇರಬಹುದು, ಅಲ್ವಾ? ಯಾರವರಾದರೂ ಅಷ್ಟೇ ಅನ್ನಿ.

ಹಾಗಾಗಿ ದಾರಿ ಬಿಡುವಾಗ ಧಾರಾಳವಾಗಿ ಬಿಡಿ. ಐದು ಡಿಗ್ರಿ, ಮತ್ತೆ ಐದು ಡಿಗ್ರಿ ಅಂತ ಜಿನುಗಿಸುತ್ತಾ ಹೋದರೆ ಎದುರಿನವರಿಗೆ ನೀವು ತಿರುಗಿದ್ದೇ ಕಾಣುವುದಿಲ್ಲ. 30 ಡಿಗ್ರಿ ತಿರುಗಿಸಿ, ನಿಮ್ಮ ದೀಪದ ಬಣ್ಣ ಅವರ ಕಣ್ಣಿಗೆ ಬದಲಾಗಲಿ. ತಿರುಗಿಸುವ ಮೊದಲು ಆ ಬದಿಯ ಹಿಂಭಾಗ ಖಾಲಿ ಇದೆಯಾ ನೋಡಿ. ವಿಎಚ್‌ಎಫ್ ರೇಡಿಯೋದಲ್ಲಿ ಮಾತಾಡಿ ಬಗೆಹರಿಸುತ್ತೇನೆ ಎಂದು ಕೂರಬೇಡಿ. ಮಾತಾಡುತ್ತಿರುವುದು ಅದೇ ಹಡಗಿನ ಜೊತೆಯಾ ಎಂಬುದೇ ಎಷ್ಟೋ ಸಲ ಖಾತ್ರಿ ಇರುವುದಿಲ್ಲ, ಅಷ್ಟರಲ್ಲಿ ಎರಡು ಮೈಲಿ ಕರಗಿಹೋಗಿರುತ್ತದೆ. ಅನುಮಾನ ಬಂದರೆ ಐದು ಸಣ್ಣ ಸೀಟಿ ಹಾಕಿ. ಕ್ಯಾಪ್ಟನ್ ನಿದ್ದೆ ಹಾಳಾಗುತ್ತದೆ ಎಂದು ಸೀಟಿ ಹಾಕದವರನ್ನು ನಾನು ನೋಡಿದ್ದೇನೆ.

4. ಕ್ಯಾಪ್ಟನ್‌ನ್ನು ಎಬ್ಬಿಸುವುದು

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಯಾವಾಗ ಕರೆಯಬೇಕು? ಮಂಜು ಅಥವಾ ಮಳೆಯಿಂದ ಕಾಣುವ ದೂರ ಕಮ್ಮಿಯಾದಾಗ. ಎದುರು ಹಡಗಿನ ನಡೆ ಅರ್ಥವಾಗದಾಗ. ಕಾಣಬೇಕಾದ ದೀಪ, ಬೋಯಿ ಹೊತ್ತಿಗೆ ಸರಿಯಾಗಿ ಕಾಣದಿದ್ದಾಗ, ಕಾಣಬಾರದ್ದು ಕಂಡಾಗ. ಎಂಜಿನ್, ಸ್ಟೀರಿಂಗ್, ಗೈರೋ ಕೈಕೊಟ್ಟಾಗ. ಹವೆ ಕೆಡುತ್ತಿರುವಾಗ. ಇನ್ನೂ ಮುಖ್ಯವಾಗಿ, ಕರೆಯಬೇಕಾ ಬೇಡವಾ ಎಂದು ಮನಸ್ಸಿನಲ್ಲಿ ಪ್ರಶ್ನೆ ಹುಟ್ಟಿದ ಕ್ಷಣವೇ. ಎದುರು ಹಡಗು ಮೂರು ಮೈಲಿ ದೂರ ಇರುವಾಗ ಎಬ್ಬಿಸಿದರೆ ಅವರು ನಿದ್ದೆಗಣ್ಣಲ್ಲಿ ಬಂದು, ಕತ್ತಲಿಗೆ ಕಣ್ಣು ಹೊಂದುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆರೇಳು ಮೈಲಿ ಇರುವಾಗ ಎಬ್ಬಿಸಿ.

ಹೇಗೆ ಹೇಳಬೇಕು? "ಸರ್, ಸ್ವಲ್ಪ ಟ್ರಾಫಿಕ್ ಇದೆ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. "ಸರ್, ಬಲಗಡೆ ಮೂತಿಯ ಹತ್ತಿರ ಹಡಗು, ಏಳು ಮೈಲಿ, ಬೇರಿಂಗ್ ಬದಲಾಗುತ್ತಿಲ್ಲ, ನಾನು ಬಲಕ್ಕೆ ತಿರುಗಿಸಬೇಕು, ಆದರೆ ಆ ಕಡೆ ದೋಣಿಗಳಿವೆ, ದಯವಿಟ್ಟು ಮೇಲೆ ಬನ್ನಿ" ಎನ್ನಿ. ಏನು ಕಾಣುತ್ತಿದೆ, ಯಾಕೆ ಅಪಾಯ, ನೀವೇನು ಮಾಡಬೇಕೆಂದಿದ್ದೀರಿ, ಅವರಿಂದ ಏನು ಬೇಕು, ಇಷ್ಟೂ ಆ ಮಾತಿನಲ್ಲಿ ಇರಬೇಕು. ಅವರು ಮೇಲೆ ಬಂದ ಮಾತ್ರಕ್ಕೆ ಹಡಗು ಅವರ ಕೈಗೆ ಹೋಗುವುದಿಲ್ಲ. "ಕಾನ್ ನನ್ನದು" ಎಂದು, ಅಂದರೆ ಹಡಗು ನಡೆಸುವ ಹೊಣೆ ವಹಿಸಿಕೊಂಡೆ ಎಂದು, ಅವರು ಬಾಯಿಬಿಟ್ಟು ಹೇಳುವವರೆಗೂ ಜವಾಬ್ದಾರಿ ನಿಮ್ಮದೇ. ಇಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡು ನಿಂತರೆ ಯಾರೂ ನೋಡಿದ ಹಾಗಾಗುವುದಿಲ್ಲ.

ಒಂದು ಸಲ ಹೇಳಿದ್ದಕ್ಕೆ ಕ್ಯಾಪ್ಟನ್ ಒಪ್ಪದಿದ್ದರೆ? 2015ರ ಅಕ್ಟೋಬರ್ 1ರಂದು ಎಲ್ ಫಾರೋ ಎಂಬ ಅಮೆರಿಕದ ಸರಕು ಹಡಗು ಬಹಾಮಾಸ್ ಹತ್ತಿರ ಹೋಕಿನ್ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. 33 ಜನರೂ ಹೋದರು. ಆಮೇಲೆ ಸಮುದ್ರದ ತಳದಿಂದ ಮೇಲೆತ್ತಿದ ರೆಕಾರ್ಡರ್‌ನಲ್ಲಿ ಬ್ರಿಜ್‌ನ ಮಾತುಕತೆ ಇತ್ತು. ರಾತ್ರಿ ವಾಚ್‌ನಲ್ಲಿದ್ದ ಆಫೀಸರ್‌ಗಳು ಕ್ಯಾಪ್ಟನ್‌ಗೆ ಫೋನ್ ಮಾಡಿ ಚಂಡಮಾರುತ ಹತ್ತಿರವಾಗುತ್ತಿದೆ, ದಾರಿ ಬದಲಿಸೋಣ ಎಂದು ಸೂಚಿಸಿದ್ದರು. ಕ್ಯಾಪ್ಟನ್ ಹಳೆಯ ಹವಾಮಾನ ಮಾಹಿತಿಯನ್ನೇ ನಂಬಿಕೊಂಡಿದ್ದರು. ದಾರಿ ಬದಲಾಗಲಿಲ್ಲ. ಆ ಆಫೀಸರ್‌ಗಳು ಕೇಳಿದ್ದು ಸರಿಯೇ, ಆದರೆ ಮಾತು ಬಹಳ ಮೃದುವಾಗಿತ್ತು. ಅದಕ್ಕೇ ಹೇಳುವುದು, ಎರಡನೇ ಸಲ ಜೋರಾಗಿ, ಕಾರಣ ಸಮೇತ ಹೇಳಿ. "ಸರ್, ನನಗೆ ಇದು ಸುರಕ್ಷಿತ ಅನಿಸುತ್ತಿಲ್ಲ, ದಯವಿಟ್ಟು ಮೇಲೆ ಬಂದು ರಾಡಾರ್ ನೋಡಿ." ಈ ವಾಕ್ಯಕ್ಕೆ ಬೈದ ಕ್ಯಾಪ್ಟನ್ ನಾಳೆ ಮರೆತಿರುತ್ತಾರೆ.

ಈಗ ಕ್ಯಾಪ್ಟನ್‌ಗಳಿಗೂ ಎರಡು ಮಾತು. ನಡುರಾತ್ರಿ ಥರ್ಡ್ ಆಫೀಸರ್ ಸುಳ್ಳು ಅನುಮಾನಕ್ಕೆ ಎಬ್ಬಿಸಿದಾಗ ನೀವು ಹೇಳುವ ಮಾತಿನ ಮೇಲೆ ಆ ಹಡಗಿನ ಸುರಕ್ಷತೆ ನಿಂತಿದೆ. "ಕರೆದದ್ದು ಒಳ್ಳೆಯದಾಯಿತು" ಎಂದು ಹೇಳಿ ಮತ್ತೆ ಹೋಗಿ ಮಲಗಿ. ಒಮ್ಮೆ ರೇಗಿದರೆ ಮುಂದಿನ ಸಲ ಆ ಹುಡುಗ ಫೋನ್ ಎತ್ತುವುದಿಲ್ಲ. ಹಡಗು ನಡೆಸುವುದರಲ್ಲಿ ನಿಪುಣರಾದ, ಆದರೆ ಬ್ರಿಜ್‌ಗೆ ಕಾಲಿಟ್ಟರೆ ಎಲ್ಲರ ಬಾಯಿ ಕಟ್ಟಿಹೋಗುವಂಥ ಕ್ಯಾಪ್ಟನ್‌ಗಳ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ಅಷ್ಟೇನೂ ಚಾಣಾಕ್ಷರಲ್ಲದ, ಆದರೆ ಎಲ್ಲರ ಮಾತು ಕೇಳುವ ಕ್ಯಾಪ್ಟನ್ ಹಡಗೇ ಜಾಸ್ತಿ ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಂಪನಿಗಳೂ ಕೇಳಬೇಕು. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗೆ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಫೆರಿ ಮುಂದಿನ ಬಾಗಿಲು ಮುಚ್ಚದೆಯೇ ಹೊರಟು ಮಗುಚಿತು, 193 ಜನ ಸತ್ತರು. ಬಾಗಿಲು ಮುಚ್ಚಿದೆಯಾ ಎಂದು ತೋರಿಸುವ ದೀಪ ಬ್ರಿಜ್‌ಗೆ ಹಾಕಿಸಿ ಎಂದು ಆ ಕಂಪನಿಯ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು, ಕಂಪನಿ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಹಡಗುಗಳ ಸುರಕ್ಷಿತ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಎಂ ಕೋಡ್ ಹುಟ್ಟಲು ಈ ದುರಂತ ಒಂದು ದೊಡ್ಡ ಕಾರಣ. ಸುರಕ್ಷತೆಯ ವಿಷಯದಲ್ಲಿ ಕೊನೆಯ ಮಾತು ಕ್ಯಾಪ್ಟನ್‌ನದೇ ಎಂದು ಆ ಕೋಡ್ ಸ್ಪಷ್ಟವಾಗಿ ಹೇಳುತ್ತದೆ. ಹಡಗು ಬಾಡಿಗೆಗೆ ಪಡೆದ ಚಾರ್ಟರರ್ ಇಮೇಲ್‌ಗೆ ಹೆದರಿ ಹಡಗು ನಡೆಸುವ ಅಗತ್ಯ ಕಾನೂನಿನಲ್ಲಿ ಇಲ್ಲ.

5. ಪೈಲಟ್ ಬರುವಾಗ

ಪೈಲಟ್ ಅಂದರೆ ಆ ಬಂದರಿನ ನೀರು ಬಲ್ಲ, ಹಡಗಿಗೆ ದಾರಿ ತೋರಿಸಲು ದೋಣಿಯಲ್ಲಿ ಬರುವವರು. ಮೊದಲು ಅವರು ಹತ್ತುವ ಏಣಿ. ಪ್ರತಿಯೊಂದು ಸಲವೂ ನೀವೇ ಬಗ್ಗಿ ನೋಡಿ. ಹಗ್ಗ ನವೆದಿದೆಯಾ, ಮೆಟ್ಟಿಲು ಅಡ್ಡಡ್ಡಕ್ಕೆ ನೇರವಾಗಿವೆಯಾ, ಮೆಟ್ಟಿಲಿಗೆ ಎಣ್ಣೆ ಅಥವಾ ಪೇಂಟ್ ಮೆತ್ತಿದೆಯಾ, ಏಣಿ ಹಡಗಿನ ಮೈಗೆ ಒತ್ತಿ ಕೂತಿದೆಯಾ, ಮೇಲೆ ಡೆಕ್ಕಿನ ಗಟ್ಟಿ ಜಾಗಕ್ಕೆ ಕಟ್ಟಿದ್ದಾರಾ. ನೀರಿನಿಂದ ಹತ್ತುವ ಎತ್ತರ 9 ಮೀಟರ್ ಮೀರಿದರೆ ಬರಿ ಏಣಿ ಸಾಲದು, ಅಕಾಮಡೇಶನ್ ಲ್ಯಾಡರ್ (ಹಡಗಿನ ಬದಿಯ ಓರೆ ಮೆಟ್ಟಿಲು) ಜೊತೆ ಸೇರಿಸಿ ಇಳಿಸಬೇಕು. ಲೈಫ್‌ಬಾಯ್, ದೀಪ, ಹೀವಿಂಗ್ ಲೈನ್ (ಎಸೆಯುವ ಹಗ್ಗ) ಪಕ್ಕದಲ್ಲಿರಲಿ. ಅಲ್ಲಿ ಒಬ್ಬ ಆಫೀಸರ್ ರೇಡಿಯೋ ಹಿಡಿದು ನಿಂತಿರಬೇಕು. ಆ ಏಣಿಗೆ ಒಬ್ಬ ಮನುಷ್ಯ ಕತ್ತಲಲ್ಲಿ, ಕುಣಿಯುವ ದೋಣಿಯಿಂದ ತನ್ನ ಪ್ರಾಣ ಒಪ್ಪಿಸುತ್ತಾನೆ.

ಪೈಲಟ್ ಮೇಲೆ ಬಂದ ಮೇಲೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಪನಾಮಾ ಕಾಲುವೆಯಂಥ ಅಪವಾದ ಬಿಟ್ಟರೆ ಹಡಗಿನ ಜವಾಬ್ದಾರಿ ಕ್ಯಾಪ್ಟನ್‌ನದೇ. 2021ರ ಮಾರ್ಚ್ 23ರಂದು ಸೂಯೆಜ್‌ನಲ್ಲಿ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಮೇಲೆ ಕಾಲುವೆಯ ಪೈಲಟ್‌ಗಳು ಇದ್ದರು. 400 ಮೀಟರ್ ಉದ್ದದ ಆ ಹಡಗಿನ ಸಿಬ್ಬಂದಿ ಭಾರತೀಯರು. ಬಿಡಿಸಲು ಆರು ದಿನ ಹಿಡಿಯಿತು. ಹಾಗಾಗಿ ಪೈಲಟ್ ಜೊತೆ ಮೊದಲೇ ಮಾತಾಡಿ: ಯಾವ ವೇಗ, ಎಲ್ಲಿ ತಿರುಗುವುದು, ಗಾಳಿ ಎಷ್ಟಾದರೆ ಬೇಡ ಎನ್ನುವುದು, ಎಂಜಿನ್ ಕೈಕೊಟ್ಟರೆ ಏನು. ಅವರು ಕೊಟ್ಟ ಚುಕ್ಕಾಣಿ ಆಜ್ಞೆಯನ್ನು ಚುಕ್ಕಾಣಿ ಹಿಡಿದ ಹೆಲ್ಮ್ಸ್‌ಮನ್ ಬಾಯಿಬಿಟ್ಟು ಪುನರುಚ್ಚರಿಸಲಿ, ನೀವು ರಡ್ಡರ್ ಇಂಡಿಕೇಟರ್ ನೋಡಿ. ಬಲಕ್ಕೆ ಎಂದಾಗ ಮುಳ್ಳು ಎಡಕ್ಕೆ ಹೋದದ್ದನ್ನು ಮೊದಲು ಕಾಣಬೇಕಾದವರು ನೀವು.

ಬಂದರಿನೊಳಗೆ ಹೋಗುವಾಗ ಎರಡೂ ಲಂಗರು ಬಿಡಲು ತಯಾರಿರಲಿ, ಮೂತಿಯಲ್ಲಿ ಜನ ಇರಲಿ. 2024ರ ಮಾರ್ಚ್ 26ರ ನಡುರಾತ್ರಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾಲಿ ಹಡಗಿನ ವಿದ್ಯುತ್ ಹೋಯಿತು. ಸೇತುವೆ ಮುಂದೆಯೇ ಇತ್ತು, ನಿಲ್ಲಿಸಲು ಜಾಗ ಇರಲಿಲ್ಲ, ಹಡಗು ಬಡಿದು ಸೇತುವೆ ಕುಸಿಯಿತು. ಸೇತುವೆಯ ಮೇಲಿದ್ದ ಆರು ಕೆಲಸಗಾರರು ಸತ್ತರು. ಆದರೆ ಹಡಗಿನಿಂದ ತಕ್ಷಣ ಎಚ್ಚರಿಕೆ ಹೋದದ್ದರಿಂದ ಪೊಲೀಸರು ಸೇತುವೆಗೆ ವಾಹನ ಬರದಂತೆ ತಡೆದರು. ಉಳಿದ ಆ ಒಂದೆರಡು ನಿಮಿಷವನ್ನು ಬಾಯಿ ಬಿಡಲು ಬಳಸಿದ್ದು ಎಷ್ಟು ಜೀವ ಉಳಿಸಿತು ಯೋಚಿಸಿ.

6. ಮಳೆಗಾಲದ ಕಡಲು, ಲಂಗರು

ಇದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಲಂಗರು ಹಡಗನ್ನು ಹಿಡಿಯುವುದು ಸಾಧಾರಣ ಹವೆಯಲ್ಲಿ, ತೂಫಾನಿನಲ್ಲಿ ಅಲ್ಲ. ಗಾಳಿ ದುಪ್ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು. ಮುಂಗಾರಿನ ಗಾಳಿ ನಮ್ಮ ದಡದ ಕಡೆಗೇ ಬೀಸುತ್ತದೆ, ಲಂಗರು ಜಾರಿದರೆ ಹಿಂದೆ ಇರುವುದು ಬಂಡೆ ಅಥವಾ ಮರಳು. 2006ರ ಮೇ ಕೊನೆಯಲ್ಲಿ ಕಾರವಾರದ ಆಯ್ಸ್ಟರ್ ರಾಕ್ ದ್ವೀಪದ ಬಳಿ ಓಷನ್ ಸೆರಾಯಾ ಎಂಬ ಹಡಗು ಬಂಡೆಗೆ ಬಡಿದು, ಅದರ ಎಣ್ಣೆ ಕಡಲಿಗೆ ಹರಿದದ್ದು ಹಳಬರಿಗೆ ನೆನಪಿದೆ. ಮುನ್ಸೂಚನೆ ಕೆಟ್ಟಿದ್ದರೆ ಲಂಗರು ಎತ್ತಲು ಇನ್ನೂ ಸಾಧ್ಯವಿರುವಾಗಲೇ ಎತ್ತಿ, ದಡ ಬಿಟ್ಟು ದೂರದ ಕಡಲಿಗೆ ಹೋಗಿ. ಸಂಜೆಯವರೆಗೆ ನೋಡೋಣ ಎಂದರೆ ಲಂಗರು ಎತ್ತುವ ವಿಂಡ್‌ಲಾಸ್ ಯಂತ್ರಕ್ಕೆ ಎಳೆಯುವ ಶಕ್ತಿ ಸಾಲದೆ ಹೋಗುತ್ತದೆ.

7. ಕೆಟ್ಟದ್ದು ಆಗಿಯೇ ಬಿಟ್ಟರೆ

ಯಾರಾದರೂ ನೀರಿಗೆ ಬಿದ್ದರೆ, ಬಿದ್ದ ಕಡೆಗೇ ಚುಕ್ಕಾಣಿ. ಮೊದಲ ಭಾಗದಲ್ಲಿ ಹೇಳಿದ ಕಾರಣವೇ: ಹಿಂಭಾಗ, ಪ್ರೊಪೆಲ್ಲರ್ ಅವರಿಂದ ದೂರ ಬೀಸುತ್ತದೆ. ಜೊತೆಗೇ ಲೈಫ್‌ಬಾಯ್ ಬಿಡಿ, ಬಿದ್ದ ಜಾಗ ಗುರುತಿಸುವ ಎಂಒಬಿ ಬಟನ್ ಒತ್ತಿ, ಮೂರು ಉದ್ದ ಸೀಟಿ ಹಾಕಿ, ಬಿದ್ದವರತ್ತ ಬೆರಳು ತೋರಿಸುತ್ತಾ ಕಣ್ಣು ಕದಲಿಸದೆ ನಿಲ್ಲಲು ಒಬ್ಬರನ್ನು ನಿಲ್ಲಿಸಿ. ರಾತ್ರಿಯಾದರೆ ವಿಲಿಯಮ್ಸನ್ ಟರ್ನ್: ಬಿದ್ದ ಕಡೆಗೆ 60 ಡಿಗ್ರಿ ತಿರುಗಿಸಿ, ಆಮೇಲೆ ಎದುರು ಬದಿಗೆ ಪೂರ್ತಿ ಚುಕ್ಕಾಣಿ, ಹಿಮ್ಮುಖ ದಿಕ್ಕಿಗೆ 20 ಡಿಗ್ರಿ ಬಾಕಿ ಇರುವಾಗ ಮಿಡ್‌ಶಿಪ್ (ಚುಕ್ಕಾಣಿ ನೇರಕ್ಕೆ). ಬಂದ ದಾರಿಗೇ ಹಡಗು ವಾಪಸ್ ಬರುತ್ತದೆ.

ಮುಚ್ಚಿದ ಟ್ಯಾಂಕ್, ಹೋಲ್ಡ್ ಒಳಗೆ ಯಾರಾದರೂ ಕುಸಿದು ಬಿದ್ದಿದ್ದರೆ ಓಡಿ ಇಳಿಯಬೇಡಿ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು 20.9 ಶೇಕಡಾ. ಮುಚ್ಚಿದ ಜಾಗದಲ್ಲಿ ತುಕ್ಕು ಹಿಡಿಯುವ ಕಬ್ಬಿಣವೇ ಅದನ್ನು ತಿಂದುಹಾಕಿರುತ್ತದೆ. ಯಾವ ವಾಸನೆಯೂ ಬರುವುದಿಲ್ಲ. ಗೆಳೆಯನನ್ನು ಉಳಿಸಲು ಹೋದ ಎರಡನೆಯವನು, ಅವನನ್ನು ಉಳಿಸಲು ಹೋದ ಮೂರನೆಯವನು, ಹೀಗೇ ಸಾಲಾಗಿ ಸತ್ತಿದ್ದಾರೆ. ಅಲಾರಂ ಹಾಕಿ, ಉಸಿರಾಟದ ಸಾಧನ ಹಾಕಿಕೊಂಡ ತಂಡ ಬರಲಿ.

ಹಡಗು ಬಿಡುವ ತೀರ್ಮಾನದಲ್ಲೂ ಅದೇ ಮಾತು, ತಡ ಬೇಡ. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದ ಮೇಲೆ ಹಡಗು ಬಿಡುವ ಆಜ್ಞೆ ಬರಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಹಡಗು ವಾಲಿದ ಮೇಲೆ ಒಂದು ಬದಿಯ ಲೈಫ್‌ಬೋಟ್‌ಗಳನ್ನು ಇಳಿಸುವುದೇ ಕಷ್ಟವಾಯಿತು. 32 ಜನ ಸತ್ತರು. ಕ್ಯಾಪ್ಟನ್ ಎಲ್ಲರೂ ಇಳಿಯುವ ಮೊದಲೇ ಹಡಗು ಬಿಟ್ಟಿದ್ದರು, ಆಮೇಲೆ ಜೈಲಿಗೂ ಹೋದರು. ನಮ್ಮ ಹತ್ತಿರದ್ದೇ ಬೇಕೆಂದರೆ, 2025ರ ಜೂನ್ 9ರಂದು ಕೇರಳದಾಚೆ ವಾನ್ ಹೈ 503 ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. 22 ಜನರಲ್ಲಿ 18 ಜನ ಪಾರಾದರು. ನೌಕಾಪಡೆ ಅವರನ್ನು ಕರೆತಂದದ್ದು ಮಂಗಳೂರಿಗೆ. ನಾಲ್ವರು ಸಿಗಲಿಲ್ಲ.

ಡ್ರಿಲ್ ಪ್ರತಿ ತಿಂಗಳೂ ಕಡ್ಡಾಯ. ಫೋಟೋ ತೆಗೆದು ರಿಜಿಸ್ಟರ್ ತುಂಬಿಸುವ ಡ್ರಿಲ್‌ನಿಂದ ಯಾರೂ ಬದುಕುವುದಿಲ್ಲ. ನಿಮ್ಮ ಲೈಫ್‌ಬೋಟ್ ಎಂಜಿನ್ ನೀವೇ ಸ್ಟಾರ್ಟ್ ಮಾಡಿ ನೋಡಿ. ಹುಕ್ ಹೇಗೆ ಬಿಡುತ್ತದೆ ಎಂದು ಡೆಕ್ಕಿನ ಹಿರಿಯ ನಾವಿಕ ಬೋಸನ್ ಹತ್ತಿರ ಕೂತು ಕಲಿಯಿರಿ. ಕಣ್ಣು ಮುಚ್ಚಿಕೊಂಡು ಕ್ಯಾಬಿನ್‌ನಿಂದ, ತುರ್ತಿನಲ್ಲಿ ಎಲ್ಲರೂ ಸೇರುವ ಮಸ್ಟರ್ ಸ್ಟೇಷನ್‌ಗೆ ಒಮ್ಮೆ ನಡೆದು ನೋಡಿ, ಹೊಗೆ ತುಂಬಿದಾಗ ಹಾಗೇ ಹೋಗಬೇಕಾಗುತ್ತದೆ.

8. ನಿದ್ದೆ

24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ನಿಮ್ಮ ಹಕ್ಕು. ಆ 10 ಗಂಟೆಯನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡುವಂತಿಲ್ಲ, ಒಂದು ತುಂಡಾದರೂ 6 ಗಂಟೆ ಇರಬೇಕು. ಬಂದರಿನಲ್ಲಿ ಲೋಡಿಂಗ್ ಮುಗಿಸಿ ಕಣ್ಣು ಕೂರುತ್ತಿರುವಾಗ ಹೊರಡುವ ವಾಚ್‌ಗೆ ನಿಲ್ಲಿಸುತ್ತಾರೆ, ವಿಶ್ರಾಂತಿ ಲೆಕ್ಕದ ಕಾಗದದಲ್ಲಿ ಸರಿಹೊಂದಿಸಿ ಬರೆಯಿರಿ ಎನ್ನುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ನಿಂತಲ್ಲೇ ನಿದ್ದೆ ಬರುತ್ತಿದ್ದರೆ ಕ್ಯಾಪ್ಟನ್‌ಗೆ ಹೇಳಿ, ಇನ್ನೊಬ್ಬರನ್ನು ನಿಲ್ಲಿಸುವುದು ಅವರ ಕೆಲಸ. ಅವರೂ ಕೇಳದಿದ್ದರೆ, ಕಂಪನಿಯಲ್ಲಿ ಇಂಥ ದೂರಿಗಾಗಿಯೇ ಡಿಪಿಎ ಎಂಬ ಅಧಿಕಾರಿ ದಡದ ಮೇಲೆ ಇರುತ್ತಾರೆ, ಐಎಸ್‌ಎಂ ಕೋಡ್ ಅದನ್ನು ಕಡ್ಡಾಯ ಮಾಡಿದೆ. ಅವರ ಫೋನ್ ನಂಬರ್ ಹಡಗಿನ ನೋಟಿಸ್ ಬೋರ್ಡಿನಲ್ಲಿ ಸಿಗುತ್ತದೆ. ಹಡಗು ಹತ್ತಿದ ದಿನವೇ ಅದನ್ನು ನಿಮ್ಮ ಮೊಬೈಲ್‌ಗೆ ಹಾಕಿಕೊಳ್ಳಿ.